ಬೆಳಗಾವಿ–ಬೆಂಗಳೂರು: ಮೂರು ದಾರಿ, ಮೂರು ದೂರ

ಎರಡು ಊರುಗಳ ನಡುವಿನ ದೂರ ಕೇಳಿದರೆ, ವಾಯುಮಾರ್ಗವೋ ರಸ್ತೆಯೋ ರೈಲೋ ಎಂಬುದನ್ನು ಮೊದಲು ಗಮನಿಸಬೇಕು. ಬೆಳಗಾವಿ ಮತ್ತು ಬೆಂಗಳೂರು ವಿಮಾನ ನಿಲ್ದಾಣಗಳ ನಡುವಿನ ನೇರ ವಾಯುದೂರ ಸುಮಾರು 445 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 500, ರೈಲಿನಲ್ಲಿ ಸುಮಾರು 610 ಕಿ.ಮೀ.

ವಿಮಾನ ಗಂಟೆಗೆ 500 ಕಿ.ಮೀ. ವೇಗದಲ್ಲಿ ಹಾರಿದರೆ 445 ÷ 500 = 0.89 ಗಂಟೆ, ಅಂದರೆ ಸುಮಾರು 53 ನಿಮಿಷ. ಮೇಲೇರುವ, ಕೆಳಗಿಳಿಯುವ ಹೊತ್ತು ಸೇರಿದರೆ ಒಂದು ಗಂಟೆ ದಾಟುತ್ತದೆ. ಈ ಊರುಗಳ ನಡುವೆ 2025ರ ಆಗಸ್ಟ್ 10ರಂದು ಆರಂಭವಾದ ವಂದೇ ಭಾರತ್ ರೈಲಿಗೆ ಸುಮಾರು ಎಂಟೂವರೆ ಗಂಟೆ ಬೇಕು.

ಬೆಳಗಾವಿ ಜಿಲ್ಲೆಯ ಖಾನಾಪುರದವರು ವಿಮಾನ ಹಿಡಿಯಲು ಸುಮಾರು 26 ಕಿ.ಮೀ. ದೂರದ ಬೆಳಗಾವಿಗೆ ಬಂದು, ಅಲ್ಲಿಂದ ಪೂರ್ವಕ್ಕೆ ಸುಮಾರು 10 ಕಿ.ಮೀ. ಸಾಗಿ ಸಾಂಬ್ರಾ ವಿಮಾನ ನಿಲ್ದಾಣ ಸೇರಬೇಕು.