ಲೆಕ್ಕ ಕೇಳಿದ ಮೇಲೆ

ಸಾಲದ ವಸೂಲಿಗೆಂದು ಬಂದವನನ್ನು "ಈ ಬಾಕಿಗೆ ಆಧಾರವೇನು, ತಾವು ಯಾರ ಪರವಾಗಿ ಬಂದಿರುವಿರಿ" ಎಂದು ಲಿಖಿತವಾಗಿ ಪ್ರಶ್ನಿಸುವ ಧೈರ್ಯವನ್ನು ಈಚೆಗೆ ಹಲವರು ತೋರುತ್ತಿರುವರಾದರೂ, ಆ ಪ್ರಶ್ನೆಗೆ ಉತ್ತರವೆಂದು ಒಂದು ಕಾಗದ ಕೈಸೇರಿದ ಮೇಲೆ, ಅಥವಾ ಉತ್ತರವೇ ಬಾರದೆ ಫೋನಿನ ಕರೆಗಳು ಮಾತ್ರ ಎಂದಿನಂತೆ ಮುಂದುವರಿದಾಗ, ಏನು ಮಾಡತಕ್ಕದ್ದೆಂಬುದನ್ನು ಅರಿತವರು ವಿರಳ. ನಾಸಿಕದ ಅಂಬಡ್ ಕೈಗಾರಿಕಾ ವಸಾಹತಿನಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತ, ಸಿಡ್ಕೊ ಬಡಾವಣೆಯಲ್ಲಿ ಬಾಡಿಗೆಯ ಕೋಣೆ ಹಿಡಿದಿರುವ ವಿಜಯಪುರದ ಕಡೆಯ ಒಬ್ಬ ಕಾರ್ಮಿಕನನ್ನು ಉದಾಹರಣೆಗೆಂದು ಕಲ್ಪಿಸಿಕೊಳ್ಳೋಣ. ಹಣಕಾಸು ಕಂಪನಿಯೊಂದರಿಂದ ಆತನು 60,000 ರೂಪಾಯಿ ಸಾಲ ತೆಗೆದಿದ್ದಾನೆ. ಗುತ್ತಿಗೆ ಮುಗಿದು ಕೈಬರಿದಾದಾಗ 9 ಕಂತುಗಳು ತಪ್ಪಿವೆ. ವಸೂಲಿಯವನು ಫೋನಿನಲ್ಲಿ 94,000 ಕೇಳುತ್ತಿದ್ದಾನೆ. ಕಾರ್ಮಿಕನು ಲೆಕ್ಕ ಕೇಳಿ ಪತ್ರ ಬರೆದಾಗಿದೆ. ಅಲ್ಲಿಂದ ಮುಂದಿನದು ಈ ಲೇಖನದ ವಿಷಯ.

ಮೊದಲಿಗೆ ಒಂದು ಭ್ರಮೆಯನ್ನು ನಿವಾರಿಸಬೇಕಾಗಿದೆ. ಅಮೆರಿಕದಲ್ಲಿ 1977ರ ಶಾಸನವೊಂದರ ಪ್ರಕಾರ, ವಸೂಲಿದಾರನ ತಿಳಿವಳಿಕೆ ಪತ್ರ ತಲುಪಿದ 30 ದಿನಗಳೊಳಗಾಗಿ ಋಣಿಯು ಬರಹದಲ್ಲಿ ತಕರಾರೆತ್ತಿದರೆ, ಸಾಲಕ್ಕೆ ಪುರಾವೆ ಕಳುಹಿಸುವ ತನಕ ವಸೂಲಿಯನ್ನು ತಡೆಹಿಡಿಯತಕ್ಕದ್ದು. ಅಲ್ಲಿ ನೆಲೆಸಿದ ಬಂಧುಗಳಿಂದ ಕೇಳಿಯೋ, ಮೊಬೈಲಿನಲ್ಲಿ ಓದಿಯೋ, ಅದೇ ಮಾದರಿಯ ಪತ್ರವನ್ನು ಇಲ್ಲಿಯೂ ಕಳುಹಿಸಿ, ಉತ್ತರ ಬಾರದಿದ್ದರೆ ಸಾಲವೇ ರದ್ದಾಯಿತೆಂದು ನಿಶ್ಚಿಂತರಾಗುವವರುಂಟು. ಅಮೆರಿಕದಲ್ಲಿಯೂ ಮೌನದಿಂದ ಸಾಲ ಅಳಿಯುವುದಿಲ್ಲ. ಭಾರತದಲ್ಲಂತೂ ಅಂಥ ಒಂದೇ ಶಾಸನವಿಲ್ಲ.

ಹಾಗೆಂದು ಲೆಕ್ಕ ಕೇಳುವ ಹಕ್ಕು ಈ ದಖ್ಖನಿನ ನೆಲಕ್ಕೆ ಹೊರಗಿನದಲ್ಲ. 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟ ದಂಗೆಯ ತರುವಾಯ, 1879ರಲ್ಲಿ ಬಂದ ದಖ್ಖನಿನ ಕೃಷಿಕರ ಪರಿಹಾರ ಕಾಯಿದೆಯು, ತೆತ್ತ ಹಣಕ್ಕೆ ರಸೀದಿಯನ್ನೂ ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿಯನ್ನೂ ಪಾಸ್‌ಬುಕ್ಕನ್ನೂ ಸಾಹುಕಾರನಿಂದ ಪಡೆಯುವ ಅಧಿಕಾರವನ್ನು ರೈತನಿಗೆ ಕೊಟ್ಟಿತು. ಆ ಕಾಯಿದೆ ಮೊದಲು ಜಾರಿಗೆ ಬಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗಡಿಯ ಸೊಲ್ಲಾಪುರವೂ ಒಂದು.

ಇಂದು ಆ ಹಕ್ಕು ಹಲವು ನಿಯಮಗಳಲ್ಲಿ ಹಂಚಿಹೋಗಿದೆ. ರಿಸರ್ವ್ ಬ್ಯಾಂಕು 2008ರ ಏಪ್ರಿಲ್ 24ರಂದು ಬ್ಯಾಂಕುಗಳಿಗೆ ಹೊರಡಿಸಿದ ಸುತ್ತೋಲೆಯಲ್ಲಿ, ಋಣಿಯು ದೂರು ಸಲ್ಲಿಸಿದ್ದರೆ ಅದು ಅಂತಿಮವಾಗಿ ಇತ್ಯರ್ಥವಾಗುವವರೆಗೆ ಪ್ರಕರಣವನ್ನು ವಸೂಲಿ ಏಜೆಂಟರಿಗೆ ಒಪ್ಪಿಸಕೂಡದೆಂದೂ, ಬೇಕೆಂದೇ ಹುರುಳಿಲ್ಲದ ದೂರುಗಳನ್ನು ಮೇಲಿಂದ ಮೇಲೆ ಹೂಡುವವರ ವಿಷಯದಲ್ಲಿ ಮಾತ್ರ ಇದಕ್ಕೆ ಅಪವಾದವುಂಟೆಂದೂ, ಏಜೆಂಟನು ಬ್ಯಾಂಕಿನ ಅಧಿಕಾರಪತ್ರವನ್ನೂ ಗುರುತಿನ ಚೀಟಿಯನ್ನೂ ಜೊತೆಯಲ್ಲಿ ಇಟ್ಟುಕೊಂಡಿರಬೇಕೆಂದೂ ವಿಧಿಸಿತು. ಕ್ರೆಡಿಟ್ ಕಾರ್ಡಿನ ಬಿಲ್ಲಿನ ಬಗ್ಗೆ ತಕರಾರೆತ್ತಿದವನಿಗೆ ದೂರಿನ ದಿನದಿಂದ 30 ದಿನಗಳೊಳಗೆ ವಿವರಣೆಯನ್ನೂ, ಅಗತ್ಯವಿದ್ದಲ್ಲಿ ದಾಖಲೆಯನ್ನೂ ಒದಗಿಸತಕ್ಕದ್ದು. ಬ್ಯಾಂಕೇತರ ಹಣಕಾಸು ಕಂಪನಿಗಳು ಋಣಿಗೆ ಅರ್ಥವಾಗುವ ಭಾಷೆಯಲ್ಲಿಯೇ ಪತ್ರವ್ಯವಹಾರ ನಡೆಸಬೇಕೆಂಬುದು ನ್ಯಾಯಬದ್ಧ ನಡವಳಿಕೆಯ ಸಂಹಿತೆಯ ಮಾತು. ಆದಕಾರಣ ಮರಾಠಿಯೂ ಇಂಗ್ಲಿಷೂ ಬಾರದ ನಮ್ಮ ಕಾರ್ಮಿಕನು ಕನ್ನಡದಲ್ಲಿ ವಿವರಣೆ ಕೊಡಿರೆಂದು ಕೇಳಲು ಸಂಕೋಚಪಡಬೇಕಾದುದಿಲ್ಲ.

ಈಗ ಬಂದಿರುವ ಕಾಗದವನ್ನು ಬಿಡಿಸಿ ನೋಡೋಣ. ಒಂದೇ ಹಾಳೆ. ಅಸಲು ಬಾಕಿ 38,400, ಬಡ್ಡಿ 9,150, ದಂಡ 17,250, ಕಂತು ಬೌನ್ಸ್ ಆದ ಶುಲ್ಕ, ಒಂದಕ್ಕೆ 590ರಂತೆ 12 ಬಾರಿ, 7,080, ವಸೂಲಿ ವೆಚ್ಚ 12,000, ಒಟ್ಟು 83,880. ಫೋನಿನಲ್ಲಿ ಕೇಳಿದ 94,000ಕ್ಕೂ ಈ ಮೊಬಲಗಿಗೂ 10,120 ರೂಪಾಯಿಗಳ ಅಂತರವಿದೆ. ತಪ್ಪಿದ ಕಂತುಗಳು 9 ಆಗಿರಲಾಗಿ ಶುಲ್ಕ 12 ಬಾರಿ ಬಿದ್ದಿರುವುದಕ್ಕೆ, ಒಂದೇ ಕಂತನ್ನು ಒಂದೇ ತಿಂಗಳಲ್ಲಿ ಎರಡೆರಡು ಸಲ ಬ್ಯಾಂಕ್ ಖಾತೆಗೆ ಹಾಕಿ ನೋಡಿರುವುದು ಕಾರಣವಿರಬಹುದು. ದಂಡದ ಅಂಕಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಪರೀಕ್ಷಿಸಬೇಕು: 2023ರ ಆಗಸ್ಟ್ 18ರ ರಿಸರ್ವ್ ಬ್ಯಾಂಕಿನ ಆದೇಶದಂತೆ, ಕಂತು ತಪ್ಪಿದ್ದಕ್ಕೆ ವಿಧಿಸುವ ದಂಡವು ಬಡ್ಡಿಯ ರೂಪದಲ್ಲಿರಕೂಡದು, ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಬೆಳೆಸಕೂಡದು. ವಸೂಲಿ ವೆಚ್ಚವೆಂಬ 12,000ವು ಕರಾರುಪತ್ರದ ಯಾವ ಕಲಮಿನಲ್ಲಿದೆಯೆಂಬುದನ್ನು ಹಾಳೆ ಹೇಳುವುದಿಲ್ಲ. ಕರಾರುಪತ್ರದ ಪ್ರತಿಯೂ ಬಂದಿಲ್ಲ. ಇಂಥ ಹಾಳೆಯನ್ನು ಲೆಕ್ಕವೆನ್ನುವುದಕ್ಕಿಂತ ಬೇಡಿಕೆಯನ್ನೇ ಅಂಕಣಗಳಲ್ಲಿ ಮತ್ತೊಮ್ಮೆ ಬರೆದದ್ದೆನ್ನುವುದು ಸರಿಯಾದೀತು.

ಆದುದರಿಂದ ಎರಡನೆಯ ಪತ್ರವನ್ನು ಬರೆಯತಕ್ಕದ್ದು. ಅದೂ ಏಜೆಂಟನಿಗಲ್ಲ, ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಒಕ್ಕಣೆ ಹೀಗಿದ್ದರೆ ಸಾಕು: "ತಮ್ಮ ಲೆಕ್ಕಪಟ್ಟಿ ತಲುಪಿದೆ. ಅದು 83,880 ರೂಪಾಯಿ ತೋರಿಸುತ್ತಿದ್ದು, ತಮ್ಮ ಪ್ರತಿನಿಧಿಯು 94,000 ಕೇಳಿರುತ್ತಾರೆ. ದಂಡವನ್ನು ತಿಂಗಳುವಾರಾಗಿಯೂ, ವಸೂಲಿ ವೆಚ್ಚವನ್ನು ಕರಾರಿನ ಕಲಮು ಸಹಿತವಾಗಿಯೂ ವಿವರಿಸಿ, ಕರಾರುಪತ್ರದ ಪ್ರತಿಯನ್ನೂ ಏಜೆಂಟರ ನೇಮಕದ ಪತ್ರವನ್ನೂ ಕಳುಹಿಸಿರಿ. ಈ ಪತ್ರವು ಯಾವುದೇ ಮೊಬಲಗಿನ ಒಪ್ಪಿಗೆಯಲ್ಲ. ಇದನ್ನು ದೂರೆಂದು ದಾಖಲಿಸಿ ಅದರ ಸಂಖ್ಯೆಯನ್ನು ತಿಳಿಸಿರಿ." ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದ ರಸೀದಿಯನ್ನು ಪತ್ರದ ಪ್ರತಿಗೆ ಅಂಟಿಸಿ ಇಟ್ಟುಕೊಳ್ಳಬೇಕು. ಸಾಲವನ್ನು ಬೇರೊಂದು ಸಂಸ್ಥೆಗೆ ಮಾರಲಾಗಿದೆಯೆಂದು ಹೇಳಿದ್ದರೆ, ವರ್ಗಾವಣೆಯ ಲಿಖಿತ ನೋಟಿಸನ್ನೂ ಕೇಳತಕ್ಕದ್ದು. ನೋಟಿಸು ಮುಟ್ಟುವ ಮೊದಲು ಮೂಲ ಸಾಲದಾತನಿಗೆ ಪ್ರಾಮಾಣಿಕವಾಗಿ ತೆತ್ತ ಹಣಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 130ನೆಯ ಕಲಮಿನ ರಕ್ಷಣೆಯಿದೆ.

ಒಪ್ಪಿಗೆಯಲ್ಲವೆಂಬ ಆ ಒಂದು ವಾಕ್ಯವೇಕೆ ಎಂಬುದನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಜನರು ಎಡವುವುದು ಇಲ್ಲಿಯೇ. 1963ರ ಕಾಲಮಿತಿ ಕಾಯಿದೆಯ ಮೇರೆಗೆ, ಆಧಾರವಿಲ್ಲದ ಸಾಮಾನ್ಯ ಸಾಲದ ಹಣಕ್ಕೆ 3 ವರ್ಷಗಳೊಳಗೆ ದಾವೆ ಹೂಡಬೇಕು. ಆದರೆ ಆ ಅವಧಿ ಮುಗಿಯುವ ಮುನ್ನ ಋಣಿಯು ಸಾಲವಿದೆಯೆಂದು ಬರೆದು ಸಹಿ ಮಾಡಿದರೆ, 18ನೆಯ ಕಲಮಿನಂತೆ ಆ ದಿನದಿಂದ ಹೊಸ ಕಾಲಗಣನೆ ಆರಂಭವಾಗುತ್ತದೆ. ಬರಹದಲ್ಲಿ "ನಾನು ಕೊಡಲಾರೆ" ಎಂದು ನಿರಾಕರಿಸಿದ್ದರೂ, ಅದನ್ನು ಸಾಲದಾತನಿಗಲ್ಲದೆ ಅನ್ಯರಿಗೆ ಬರೆದಿದ್ದರೂ, ಒಪ್ಪಿಗೆ ಒಪ್ಪಿಗೆಯೇ. ಅವಧಿಯೊಳಗೆ ಭಾಗಶಃ ಹಣ ಕಟ್ಟಿ ಅದಕ್ಕೆ ಬರಹದ ಗುರುತು ಉಳಿದರೆ 19ನೆಯ ಕಲಮಿನಂತೆ ಫಲವು ಅದೇ. ಅವಧಿ ತೀರಿದ ಮೇಲೆಯೂ ಅಪಾಯ ತಪ್ಪಿದ್ದಲ್ಲ: ತೀರಿಸುತ್ತೇನೆಂದು ಸಹಿಯೊಡನೆ ಬರೆದುಕೊಟ್ಟ ವಾಗ್ದಾನವನ್ನು 1872ರ ಕರಾರು ಕಾಯಿದೆಯ 25ನೆಯ ಕಲಮು ಹೊಸ ಕರಾರೆಂದೇ ಮನ್ನಿಸುತ್ತದೆ. "ಸದ್ಯಕ್ಕೆ ಐನೂರು ಹಾಕಿ, ಕೇಸು ನಿಲ್ಲಿಸುತ್ತೇವೆ" ಎಂಬ ಏಜೆಂಟನ ಮೃದುವಚನದ ಹಿಂದೆ ಇಷ್ಟೆಲ್ಲ ಅಡಗಿರಬಹುದು. ಒಪ್ಪಿಗೆಯಲ್ಲವೆಂದು ಬರೆದುದರಿಂದಲೇ ಪೂರ್ಣ ರಕ್ಷಣೆ ದೊರೆಯದು. ಪತ್ರದ ಉಳಿದ ಮಾತುಗಳೂ ಅದಕ್ಕೆ ಹೊಂದಿಕೊಂಡಿರಬೇಕು. ಇದು ಸಾಲ ಮುಳುಗಿಸುವ ಉಪಾಯವೆಂದು ಯಾರೂ ತಿಳಿಯಬಾರದು. ಪಡೆದುದನ್ನು ಹಿಂದಿರುಗಿಸುವುದು ಧರ್ಮವೇ ಸರಿ, ಆದರೆ ಎಷ್ಟು ಪಡೆದೆವೋ ಅದರ ಲೆಕ್ಕದ ಮೇರೆಗೆ.

ಕಂಪನಿಯು 30 ದಿನ ಸುಮ್ಮನಿದ್ದರೆ ಅಥವಾ ಅದೇ ಹಾಳೆಯನ್ನು ಮರಳಿ ಕಳುಹಿಸಿದರೆ, 2021ರ ನವೆಂಬರ್ 12ರಂದು ಆರಂಭವಾದ ರಿಸರ್ವ್ ಬ್ಯಾಂಕಿನ ಏಕೀಕೃತ ಓಂಬಡ್ಸ್‌ಮನ್ ಯೋಜನೆಯಡಿ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಿಚಾರಣೆಗೆ 14448 ಎಂಬ ಸಂಖ್ಯೆಯಿದೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಬಂದ ಕರೆಗಳ ಪಟ್ಟಿಯನ್ನು ದೂರಿನೊಡನೆ ಲಗತ್ತಿಸಬೇಕು, ಏಕೆಂದರೆ 2022ರ ಆಗಸ್ಟ್ 12ರ ಆದೇಶವು ಕಟಬಾಕಿಗಾಗಿ ಆ ವೇಳೆಯಲ್ಲಿ ಕರೆಯುವುದನ್ನು ನಿಷೇಧಿಸಿದೆ. ಕೈ ಕಾಲು ಮುರಿಯುತ್ತೇವೆಂಬ, ಹೆಂಡತಿಯ ಚಿತ್ರವನ್ನು ಎಲ್ಲರಿಗೂ ಹಂಚುತ್ತೇವೆಂಬ ಬೆದರಿಕೆಗಳಿಗೆ ಓಂಬಡ್ಸ್‌ಮನ್ನರನ್ನು ಕಾಯಬೇಕಾಗಿಲ್ಲ. ಅವು ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮಿನ ಅಪರಾಧಗಳು, ಅವಕ್ಕೆ ಅಂಬಡ್ ಪೊಲೀಸ್ ಠಾಣೆಯೇ ಸ್ಥಳ. ಸಾಲ ಕೊಟ್ಟವನು ಖಾಸಗಿ ಲೇವಾದೇವಿಗಾರನಾಗಿದ್ದಲ್ಲಿ 2014ರ ಮಹಾರಾಷ್ಟ್ರ ಲೇವಾದೇವಿ ಕಾಯಿದೆಯಂತೆ ಅವನಿಗೆ ಪರವಾನಗಿಯಿದೆಯೇ ಎಂದು ಕೇಳಬೇಕು. ಕರ್ನಾಟಕದಲ್ಲಿ 2025ರಲ್ಲಿ ಬಂದ ಕಿರುಸಾಲ ಕಾನೂನು ನಾಸಿಕದವರೆಗೆ ಬಾರದು.

ಇಷ್ಟೆಲ್ಲ ಏಜೆಂಟನ ಕಾಗದಕ್ಕೆ. ಶಾಸನಬದ್ಧ ನೋಟಿಸಿಗೂ ನ್ಯಾಯಾಲಯದ ಸಮನ್ಸಿಗೂ ಲೆಕ್ಕ ಕೊಡಿರೆಂಬ ಪತ್ರ ಉತ್ತರವಾಗದು. ಚೆಕ್ ಅಮಾನ್ಯದ ನೋಟಿಸಿಗೆ 15 ದಿನಗಳ, ಸಂಕ್ಷಿಪ್ತ ದಾವೆಯ ಸಮನ್ಸಿಗೆ 10 ದಿನಗಳ ಗಡುವಿದೆ. ಮನೆಯನ್ನು ಅಡವಿಟ್ಟ ಸಾಲಕ್ಕೆ 2002ರ ಸರ್ಫೇಸಿ ಕಾಯಿದೆಯ 60 ದಿನಗಳ ನೋಟಿಸು ಬಂದಾಗ ಲಿಖಿತ ಆಕ್ಷೇಪ ಸಲ್ಲಿಸಿದರೆ, ಸಾಲದಾತನು ಅದನ್ನು ಒಪ್ಪದಿರುವ ಕಾರಣಗಳನ್ನು 15 ದಿನಗಳಲ್ಲಿ ತಿಳಿಸಲೇಬೇಕು. ಮುಂದೆ ಸ್ವಾಧೀನಕ್ಕೆ ಕೈಯಿಟ್ಟರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಾಧಿಕರಣಕ್ಕೆ ಹೋಗಬೇಕು. ಅಂಥ ಒಂದು ನ್ಯಾಯಾಧಿಕರಣ ಛತ್ರಪತಿ ಸಂಭಾಜಿನಗರದಲ್ಲಿದೆ.

ಲೆಕ್ಕ ಸರಿಯಾಗಿ ಬಂದು, ಮೊಬಲಗಿನ ಬಗ್ಗೆ ಒಪ್ಪಂದವಾದರೆ, ಒಪ್ಪಂದದ ಪತ್ರ ಕೈಗೆ ಬಂದ ಮೇಲೆಯೇ ಹಣವನ್ನು ನೇರವಾಗಿ ಕಂಪನಿಯ ಖಾತೆಗೆ ಕಟ್ಟಿ, ಬಾಕಿಯಿಲ್ಲವೆಂಬ ಪತ್ರ ಪಡೆಯತಕ್ಕದ್ದು. ಏಜೆಂಟನ ಸ್ವಂತ ಖಾತೆಗೆ ಒಂದು ರೂಪಾಯಿಯೂ ಹೋಗಬಾರದು. ಇವನ್ನೆಲ್ಲ ಒಬ್ಬನೇ ನಿಭಾಯಿಸಲಾರೆನೆಂದು ಅಂಬಡಿನ ಕಾರ್ಮಿಕನು ಅಳುಕಬೇಕಾಗಿಲ್ಲ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮು ಉಚಿತ ವಕೀಲರ ನೆರವಿಗೆ ಅರ್ಹರಾದವರ ಪಟ್ಟಿಯಲ್ಲಿ ಮಹಿಳೆಯರೊಡನೆ ಕೈಗಾರಿಕಾ ಕಾರ್ಮಿಕನನ್ನೂ ಹೆಸರಿಸಿದೆ, ಮತ್ತು ಆ ನೆರವಿಗೆ ಕರೆಯಬೇಕಾದ ಸಂಖ್ಯೆ 15100.