ಹಿಮ್ಮೇಳದಲ್ಲೊಂದು ಸ್ಥಳ

ತಮ್ಮನು ತೀರಿಕೊಂಡ ವರ್ಷ ನಾನು ಔರಾದದಲ್ಲಿ ಉಪಾಧ್ಯಾಯನಾಗಿದ್ದೆನು. ಬೀದರಿನ ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ ಹುಟ್ಟಿ ಬೆಳೆದವನಿಗೆ, ಮಳೆಗಾಲದಲ್ಲಿ ಅಂಗಾಲಿಗಂಟಿ ಹೆಜ್ಜೆ ಎತ್ತಗೊಡದ ಅಲ್ಲಿಯ ಎರೆಮಣ್ಣು ಹೇಗೆ ಅಪರಿಚಿತವೋ ಹಾಗೆಯೇ, ಬೆಳಗಾದರೂ ಮನಸ್ಸನ್ನು ಬಿಟ್ಟೇಳದ ಆ ಖಿನ್ನತೆಯೂ ಅಪರಿಚಿತವಾಗಿದ್ದಿತು. ಪಾಠ, ಊಟ, ಮಾತು ಎಲ್ಲವೂ ನಡೆಯುತ್ತಿದ್ದುವು, ನಡೆಸುವವನು ನಾನಲ್ಲವೆನ್ನಿಸುತ್ತಿದ್ದಿತು. ಸಾಂತ್ವನ ಹೇಳಿದವರೆಲ್ಲರೂ ಒಳ್ಳೆಯವರೇ. ಆದರೆ ಮರೆತುಬಿಡಿರೆಂದು ಅವರು ಹೇಳಿದಷ್ಟೂ, ಮರೆಯಲಾರದ ನನ್ನ ದೌರ್ಬಲ್ಯಕ್ಕಾಗಿ ನಾನು ಮತ್ತಷ್ಟು ಕುಗ್ಗುತ್ತಿದ್ದೆನು.

ಒಂದು ಅಮಾವಾಸ್ಯೆಯ ಸಂಜೆ ನೆರೆಮನೆಯ ಹೊಲಿಗೆಯ ಕಾಕಾ ಬಾಗಿಲಲ್ಲಿ ನಿಂತು, "ಒಬ್ರೇ ಕುಂತು ಏನ್ ಮಾಡ್ತೀರಿ ಮಾಸ್ತರ್? ನಡೀರಿ ಭಜನಿಗಿ" ಎಂದರು. ಭಾಲ್ಕಿಯ ಕಡೆಯ ಅವರ ಹುಟ್ಟೂರಿಗೆ ನಾವು ಮುಟ್ಟುವ ಹೊತ್ತಿಗೆ ಗುಡಿಯ ಕಟ್ಟೆಯ ಮೇಲೆ ಎಂಟು ಹತ್ತು ಮಂದಿ ನೆರೆದಿದ್ದರು. ಹಗಲೆಲ್ಲ ತೊಗರಿ, ಸೋಯಾ ಹೊಲಗಳಲ್ಲಿ ದುಡಿದ ಕೈಗಳಲ್ಲಿ ಏಕತಾರಿ, ದಮ್ಮಡಿ, ತಾಳ, ಒಂದು ಹಳೆಯ ಪೇಟಿ. ಕಡಕೋಳ ಮಡಿವಾಳಪ್ಪನವರ ತತ್ವಪದಗಳು, ಅವರ ಶಿಷ್ಯಪರಂಪರೆಯ ಚೆನ್ನೂರ ಜಲಾಲಸಾಹೇಬರ ಪದಗಳು, ಮಾಣಿಕನಗರದ ಮಾಣಿಕಪ್ರಭುಗಳ ರಚನೆಗಳು, ನಡುನಡುವೆ ಮರಾಠಿಯ ಅಭಂಗಗಳು. (1956ರಲ್ಲಿ ನಮ್ಮ ಹಳೆಯ ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಗಿ ಉದಗೀರವು ಆಚೆಗೆ ಸೇರಿತಷ್ಟೆ, ಈ ಮೇಳದವರು ಅಲ್ಲಿಯ ಬೀಗರ ಮನೆಗಳಿಂದ ಅಭಂಗಗಳನ್ನು ಇಂದಿಗೂ ಕಲಿತು ತರುತ್ತಾರೆ.)

ಮೊದಲು ಹಾಡಿದ ಪದವೇ ದೇಹದ ನಶ್ವರತೆಯದು. ಎದ್ದುಹೋಗಬೇಕೆನ್ನಿಸಿತು. ಆದರೆ ಮುಂದಾಳು ಪಲ್ಲವಿಯನ್ನು ಅತಿ ವಿಲಂಬವಾಗಿ, ಭಾರವಾದ ಹೊರೆಯನ್ನು ತಲೆಯಿಂದಿಳಿಸುವವನಂತೆ ಇಳಿಸಿದಾಗ, ಹಿಮ್ಮೇಳವು ಅದನ್ನೆತ್ತಿಕೊಂಡು ಮರಳಿ ಅವನಿಗೆ ಕೊಟ್ಟಾಗ, ಸಾವನ್ನು ಕುರಿತು ಇಷ್ಟು ನಿರ್ಭಯವಾಗಿ ಮಾತನಾಡುವವರನ್ನು ತಿಂಗಳುಗಳ ತರುವಾಯ ಕಂಡೆನಲ್ಲಾ ಎಂಬ ಒಂದು ನೆಮ್ಮದಿ ಹುಟ್ಟಿತು. ಯಾರೋ ಕೈಗೆ ತಾಳವನ್ನಿತ್ತರು. ಎರಡು ಬಾರಿ ತಪ್ಪಿದೆನು. ದಮ್ಮಡಿಯವರು ಬಳಿಗೆ ಸರಿದು, ತಲೆಯಾಡಿಸಿ, ಪೆಟ್ಟು ಬೀಳಬೇಕಾದ ಎಡೆಯನ್ನು ತೋರಿಸಿದರು. ಹಿಮ್ಮೇಳದ ಸಾಲು ದೀರ್ಘವಾದುದು. ಅದನ್ನು ಮುಗಿಸಬೇಕಾದರೆ ಎದೆಯಲ್ಲಿಯ ಉಸಿರೆಲ್ಲವನ್ನೂ ವ್ಯಯಮಾಡಿ, ಮುಂದಿನ ಸಾಲಿಗೆ ಆಳದಿಂದ ಹೊಸ ಉಸಿರನ್ನೆಳೆದುಕೊಳ್ಳಲೇಬೇಕು. ಅಷ್ಟು ದಿನ ಎದೆಯ ಮೇಲುಭಾಗದಲ್ಲಿಯೇ ಉಸಿರಾಡುತ್ತಿದ್ದೆನೆಂಬುದು ಆಗ ತಿಳಿಯಿತು. ನಡುರಾತ್ರಿ ಕಳೆದು ಲಯವು ದ್ವಿಗುಣವಾದಾಗ, ನಾನು ಗಟ್ಟಿಯಾಗಿ ಹಾಡುತ್ತಿದ್ದೆನು, ಹಾಡುತ್ತಲೇ ಅಳುತ್ತಿದ್ದೆನು. ಯಾರೂ ಹಾಡನ್ನು ನಿಲ್ಲಿಸಲಿಲ್ಲ, ಯಾರೂ ನನ್ನತ್ತ ತಿರುಗಲಿಲ್ಲ. ಅಂತಹ ಸೌಜನ್ಯವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಬೀದರಿಗೆ ಮರಳಿದ ಮೇಲೆ ಅವೇ ಪದಗಳನ್ನು ಮೊಬೈಲಿನಲ್ಲಿ ಕೇಳಿ ನೋಡಿದೆನು. ಸುಖವೆನಿಸಿತು, ಆದರೆ ನಿಲ್ಲಲಿಲ್ಲ. ಅಲ್ಲಿ ನನ್ನ ಸರದಿಗಾಗಿ ಯಾರೂ ಕಾಯುತ್ತಿರಲಿಲ್ಲ. ಮನಸ್ಸು ಕುಂದಿದ ದಿನ ಉಲ್ಲಾಸದ ಹಾಡು ನನಗೆ ಪರಕೀಯವೇ. ದುಃಖದಷ್ಟೇ ಮಂದವಾಗಿ ಆರಂಭವಾಗಿ, ಮೆಲ್ಲಮೆಲ್ಲನೆ ಜೊತೆಗೆ ಕರೆದೊಯ್ಯುವ ಹಾಡೇ ಬೇಕು. ಆದರೂ ನಿದ್ರೆಯೇ ಬಾರದಾದಾಗ ವೈದ್ಯರನ್ನು ಕಂಡೆನು, ಕೆಲವು ತಿಂಗಳು ಔಷಧವನ್ನೂ ಸೇವಿಸಿದೆನು. ಭಜನೆಯನ್ನು ಔಷಧದ ಸ್ಥಾನದಲ್ಲಿ ಕೂರಿಸುವುದು ಎರಡಕ್ಕೂ ಅನ್ಯಾಯ. "ಗುಳಿಗಿನೂ ತಗೋರಿ, ತಾಳಾನೂ ಬಡೀರಿ" ಎಂದು ಕಾಕಾ ಹೇಳಿದುದೇ ಸರಿ.

ಪೇಟಿಯವರು ಈಗಿಲ್ಲ, ಅವರ ಮಗನು ಅದೇ ಪೇಟಿಯನ್ನು ನುಡಿಸುತ್ತಾನೆ. ಅಮಾವಾಸ್ಯೆ ಬಂದಿತೆಂದರೆ ನಾನು ಬೀದರಿನಲ್ಲಿ ರೈಲು ಹತ್ತಿ ಭಾಲ್ಕಿಯಲ್ಲಿಳಿಯುತ್ತೇನೆ. ಹೊಸಬರು ಯಾರಾದರೂ ಬಂದಾರೆಂದು, ಚೀಲದಲ್ಲಿ ಇನ್ನೊಂದು ಜೊತೆ ತಾಳವನ್ನು ಇಟ್ಟುಕೊಂಡಿರುತ್ತೇನೆ.