ಇಂದಿನ ಧಮ್ಮ ಚಿಂತನೆ: ದೀಕ್ಷೆ ಆಯಿತು, ಮುಂದೆ?



ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಉಪಾಸಕನಾಗಿ ಎರಡೂವರೆ ವರ್ಷ ದಾಟಿದರೂ ಒಂದು ವರ್ಷ ತಾನು ಹೆಚ್ಚು ಶ್ರಮ ಪಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಗಟ್ಟಿಯಾಗಿ ಪ್ರಯತ್ನಿಸಿದೆ ಎಂದು ಅವನು ಅದರಲ್ಲಿ ಬರೆಸಿದ್ದಾನೆ. ಪ್ರಯತ್ನದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿಗುತ್ತದಂತೆ. ಚಕ್ರವರ್ತಿಯೇ ಇದನ್ನು ಕಲ್ಲಿನಲ್ಲಿ ಒಪ್ಪಿಕೊಂಡಿದ್ದಾನೆ ನೋಡಿ!

22 ಪ್ರತಿಜ್ಞೆಗಳಲ್ಲಿ ನಾವು ಅಷ್ಟಾಂಗ ಮಾರ್ಗ ಪಾಲಿಸುತ್ತೇವೆ ಎಂದಿದ್ದೇವೆ. ಅದರಲ್ಲಿರುವ ಸಮ್ಯಕ್ ವ್ಯಾಯಾಮ ಅಂದರೆ ಈ ಪ್ರಯತ್ನವೇ. ಅದು ಬೆಳಿಗ್ಗೆ ಎಷ್ಟು ಗಂಟೆಗೆ ಶುರುವಾಗುತ್ತದೆ?

ನೆಹರು ಕ್ರೀಡಾಂಗಣದಲ್ಲಿ ಓಡುವವರು ಒಂದು ಸುತ್ತಾದರೂ ಇಯರ್‌ಫೋನ್ ತೆಗೆದಿಡಿ. ಪಾದ ನೆಲ ಮುಟ್ಟುವುದನ್ನು, ಉಸಿರು ಬಂದು ಹೋಗುವುದನ್ನು ಗಮನಿಸಿ. ಸತಿಪಟ್ಠಾನ ಸುತ್ತ ಕಲಿಸುವ ಅರಿವು ಇದೇ. ಮಲೆನಾಡಿನ ಮಳೆ ಹಿಡಿದರೆ ಶೂ ಮೂಲೆ ಸೇರುತ್ತದೆ, ಅಭ್ಯಾಸವೂ ಅಲ್ಲೇ ಮುರಿಯುವುದು. ಆಗ ಜಗಲಿಯಲ್ಲೇ ಚಂಕಮ, ಅಂದರೆ ಅರಿವಿನ ನಡಿಗೆ, ಮಾಡಿ. ಅಂಗುತ್ತರ ನಿಕಾಯ ಅದರ ಐದು ಲಾಭ ಹೇಳುತ್ತದೆ: ದೂರ ನಡೆಯುವ ಶಕ್ತಿ, ಸಾಧನೆಯ ಶಕ್ತಿ, ಆರೋಗ್ಯ, ಒಳ್ಳೆಯ ಜೀರ್ಣ, ಬಹಳ ಹೊತ್ತು ನಿಲ್ಲುವ ಸಮಾಧಿ.

ಮುಗಿದ ಕೂಡಲೇ ನೋಟ್‌ಬುಕ್‌ನಲ್ಲಿ ಮೂರು ಸಾಲು ಬರೆಯಿರಿ. ಬಾಬಾಸಾಹೇಬರು ಕಾಯಿಲೆಯಲ್ಲೂ 1956ರ ಡಿಸೆಂಬರ್ 5ರ ರಾತ್ರಿ 'ಬುದ್ಧ ಮತ್ತು ಆತನ ಧಮ್ಮ'ದ ಮುನ್ನುಡಿಯನ್ನು ಮೇಜಿಗೆ ತರಿಸಿಕೊಂಡಿದ್ದರು. ತಪ್ಪಿದ ದಿನ 'ಇಂದು ಓಡಲಿಲ್ಲ' ಎಂದೇ ಬರೆಯಿರಿ, ಅಶೋಕನ ಹಾಗೆ. ಭದ್ರಾವತಿಯಲ್ಲಿ ರಾತ್ರಿ ಪಾಳಿ ಮಾಡುವವರು ನಿದ್ದೆ ಮುಗಿಸಿ ಸಂಜೆ ಮಾಡಿದರಾಯಿತು.

ಭವತು ಸಬ್ಬ ಮಂಗಲಂ.